ಸವೆದ ದವಡೆಗೆ ಹಲ್ಲು ಕಟ್ಟಿದ್ದು

ಯಜಮಾನರು ಕರವಸ್ತ್ರದ ಗಂಟು ಬಿಚ್ಚಿ ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟರು. ನೋಡಿದರೆ ಅದಕ್ಕೆ ಜೇನುಮೇಣ ಮೆತ್ತಿತ್ತು. ಒಂದು ತಿಂಗಳ ಹಿಂದೆ ನಾನೇ ಕಟ್ಟಿಕೊಟ್ಟಿದ್ದ ಸೆಟ್ಟು ಅದು. ಅಂಗುಳಿಗೆ ಕೂರುವ ಮೇಲಿನ ತಟ್ಟೆಯ ಒಳಮೈಗೆ ಯಾರೋ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೇಣ ತುಂಬಿದ್ದರು. ಕೆಳಗಿನ ಸಾಲು ಮಾತ್ರ ಶುಭ್ರವಾಗಿತ್ತು.

"ಸಡ್ಲ ಆಗ್ಯದೆ ಡಾಕ್ಟ್ರೇ. ಮೊದ್ಲು ಗಟ್ಟಿ ಕೂರ್ತಿತ್ತು, ಈಗ ಮಾತಾಡಿದ್ರೆ ಬೀಳ್ತದೆ" ಎಂದರು.

"ಮೇಣ ಯಾಕೆ ಹಚ್ಚಿದ್ರಿ?"

ಅವರು ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

"ಇವ್ಳೂ ಒಂದಿನ ಹಾಕ್ಕೊಂಡಿದ್ಲು, ಕೂರ್ಲಿಲ್ಲ ಅಂತ ಮೇಣ ಒತ್ತಿದ್ಲು. ಎಲೆ ಅಡಿಕೆ ಕುಟ್ಟೋ ಕುಟ್ಟಾಣಿ ಮನೇಲಿ ಒಂದೇ ಇದ್ರೂ ಇಬ್ರೂ ಕುಟ್ಕೊಳಲ್ವಾ? ಇದೂ ಹಂಗೇ ಅಂದ್ಕೊಂಡ್ವಿ ಮಾರಾಯ್ರೇ."

ಹೊಸನಗರದ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಡೆದ ಮಾತು ಇದು. ನನ್ನ ಹಲ್ಲಿನ ಕೋಣೆ ಇದ್ದದ್ದು ಸಾಗರದಲ್ಲಿ. ಮಂಗಳವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ಇಕ್ಕಳ, ಪ್ಲಾಸ್ಟರ್, ಸೀಮೆಎಣ್ಣೆ ಸ್ಟವ್ ತುಂಬಿದ ಮರದ ಪೆಟ್ಟಿಗೆಯನ್ನು ಬಸ್ಸಿನ ನೆತ್ತಿಗೆ ಹತ್ತಿಸಿ ಇಳಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಸವೆಯಿತು ಎಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಆ ವರ್ಷ ನನಗೆ ಅದು ಹಾಸ್ಯ ಅನ್ನಿಸುತ್ತಿರಲಿಲ್ಲ. ಬಲಭುಜ ಎತ್ತಿದರೆ ನೋಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಎದ್ದರೆ ಸಾಕು, ಯಾಕಪ್ಪಾ ಬೆಳಗಾಯಿತು ಎನ್ನುವಂತಾಗುತ್ತಿತ್ತು.

ಹಾಗಾಗಿ ಗಂಡಹೆಂಡತಿ ಇಬ್ಬರಿಗೂ ಬೈದೆ. ಒಬ್ಬರ ದವಡೆಯಂತೆ ಇನ್ನೊಬ್ಬರದ್ದು ಇರುವುದಿಲ್ಲ, ಗಂಡಸಿನದ್ದೇ ಬೇರೆ, ಹೆಂಗಸಿನದ್ದೇ ಬೇರೆ, ಹಲ್ಲು ಅಂದರೆ ಕಂಬಳಿಯಲ್ಲ ಇಬ್ಬರೂ ಹೊದೆಯುವುದಕ್ಕೆ ಎಂದೆ. ಯಜಮಾನರು ನಕ್ಕರು. ಆ ಅಮ್ಮ ನಗಲಿಲ್ಲ. ಸೆರಗು ತೆಗೆದು, ಬೊಚ್ಚುಬಾಯಿಯಲ್ಲೇ ಕಾರಣ ಹೇಳಿದರು. ಅರ್ಧ ಮಾತು ಗಾಳಿಯಾಗಿ ಹೋಗುತ್ತಿತ್ತು. ಗಂಡ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬೇಕಾಯಿತು.

ಅವರು ದೀವರ ಮನೆಯವರು. ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಗೆ ಹೋಗಿ ಎರಡು ಮಳೆಗಾಲ ಕಳೆದಿತ್ತು. ಈಗ ನಿಟ್ಟೂರಿನ ಹತ್ತಿರ ಒಂದಿಷ್ಟು ಗದ್ದೆ ಮಾಡಿಕೊಂಡಿದ್ದರು. ನಂಟರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕು, ಕೆಲವರು ಕೋಣಂದೂರಿನ ಆಚೆ, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ. ವೈಶಾಖದಲ್ಲಿ ಮೊಮ್ಮಗಳ ಮದುವೆ, ಮುಳುಗಡೆಯಾದ ಮೇಲೆ ಎಲ್ಲರೂ ಒಂದು ಕಡೆ ಸೇರುವ ಮೊದಲ ಮದುವೆ. ಮದುವೆಯಲ್ಲಿ ಗೋಡೆಗೆ ಹಸೆ ಚಿತ್ರ ಬರೆದು ಅದರ ಮುಂದೆ ಹೇಳುವ ಊರಿನ ಹಸೆ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವರು ಈಗ ಆ ಅಮ್ಮ ಒಬ್ಬರೇ. ಜೊತೆಗೆ ಹಾಡುತ್ತಿದ್ದ ಇನ್ನಿಬ್ಬರು ತೀರಿಕೊಂಡಿದ್ದರು. ಹುಡುಗಿಯರು ಕಲಿಯಲು ಕೂತರೆ ಆಕೆಯ ಬಾಯಲ್ಲಿ ಅಕ್ಷರವೇ ಹುಟ್ಟುತ್ತಿರಲಿಲ್ಲ.

"ನಾ ಹೇಳಿದ್ದು ಅವ್ಕೆ ತಿಳಿಯಲ್ಲ. ಅವು ಏನೇನೋ ಹೇಳ್ಕೊಂತಾವೆ. ಈ ಮದ್ವೇಲಿ ಸರಿಯಾಗಿ ಹೇಳ್ಕೊಡ್ಲಿಲ್ಲ ಅಂದ್ರೆ ಮುಂದೆ ಯಾರೂ ಹೇಳಲ್ಲ" ಎಂದರು.

"ವೈಶಾಖಕ್ಕೆ ಇನ್ನೂ ಐದು ತಿಂಗಳಿದೆ ಅಮ್ಮಾ. ಒಳ್ಳೇ ಸೆಟ್ ಕಟ್ಟಿಕೊಡ್ತೀನಿ, ಚಕ್ಕುಲಿ ತಿಂತೀರಿ" ಎಂದೆ.

ನನ್ನ ಮೊದಲ ತಪ್ಪು ಅಲ್ಲೇ ಇತ್ತು. ಆಕೆ ಚಕ್ಕುಲಿ ಕೇಳಿರಲಿಲ್ಲ.

ಯಜಮಾನರ ಸೆಟ್ಟಿನಿಂದ ಮೇಣವನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿದೆ. ಒಂದೇ ಹಾಳೆಯಾಗಿ ಬಂತು. ಕಾಡುಜೇನಿನ ಒಳ್ಳೆಯ ಮೇಣ, ಅಚ್ಚಿನ ಅಂಚಿಗೆ ಹಚ್ಚಲು ಆಗುತ್ತದೆಂದು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಗೆ ಹಾಕಿದೆ.

ಅಮ್ಮನ ಅಳತೆ ತೆಗೆದದ್ದು ಪುಷ್ಯಮಾಸದಲ್ಲಿ. ಬಿಸಿನೀರಿನಲ್ಲಿ ಅಚ್ಚಿನ ಬಿಲ್ಲೆಯನ್ನು ಮೆದು ಮಾಡಿ, ಲೋಹದ ತಟ್ಟೆಗೆ ತುಂಬಿ, ಬಾಯೊಳಗಿಟ್ಟು ಒತ್ತಿ ಹಿಡಿಯಬೇಕು. ತಣಿದ ಮೇಲೆ ತೆಗೆದು ಪ್ಲಾಸ್ಟರ್ ಹೊಯ್ದರೆ ಒಸಡಿನ ಪಡಿಯಚ್ಚು ಸಿಗುತ್ತದೆ. ಮೊದಲ ಪಡಿಯಚ್ಚು ಬಸ್ಸಿನ ನೆತ್ತಿಯ ಮೇಲೆ ಬಿರುಕು ಬಿಟ್ಟಿತು. ಮುಂದಿನ ಮಂಗಳವಾರ ಮತ್ತೆ ತೆಗೆದೆ. ಮೇಲಿನದು ಚೆನ್ನಾಗಿ ಬಂತು. ಕೆಳಗಿನದರಲ್ಲಿ ಹಲ್ಲು ಕೂರುವ ಮೂಳೆಯ ದಿಂಡು ಎನ್ನುವುದೇ ಕಾಣಲಿಲ್ಲ, ನಾಲಿಗೆಯ ಸುತ್ತ ಬರೀ ಒಂದು ಸಪಾಟು ದಾರಿ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಗಂಡನಿಗೆ ಎಪ್ಪತ್ತು, ಹೆಂಡತಿ ಹತ್ತು ವರ್ಷ ಚಿಕ್ಕವರು. ಹಿರಿಯನಿಗೆ ಕೂತದ್ದು ಕಿರಿಯಳಿಗೆ ಕೂರದೇ ಇರುತ್ತದೆಯೇ ಎಂದುಕೊಂಡೆ. ಸುಸ್ತಾದವನ ಲೆಕ್ಕಾಚಾರ ಯಾವಾಗಲೂ ಹತ್ತಿರದ ದಾರಿ ಹಿಡಿಯುತ್ತದೆ.

ಸಾಗರಕ್ಕೆ ತಂದು, ಮೇಣದಲ್ಲಿ ಹಲ್ಲು ಜೋಡಿಸಿ, ಕಂಚಿನ ಅಚ್ಚುಪೆಟ್ಟಿಗೆಯಲ್ಲಿ ಬಿಗಿದು, ಸ್ಟವ್ ಮೇಲೆ ಕುದಿಸಿ, ಕಾಲಲ್ಲಿ ತುಳಿಯುವ ಯಂತ್ರದಿಂದ ಮೆರುಗು ಕೊಟ್ಟು ಮಾಘದಲ್ಲಿ ಒಯ್ದುಕೊಟ್ಟೆ. ಮೇಲಿನದು ಟಪ್ಪೆಂದು ಅಂಟಿತು. ಕೆಳಗಿನದು ಆಕೆ ಬಾಯಿ ತೆರೆದ ಕೂಡಲೇ ಮೇಲೆದ್ದಿತು.

"ಅಭ್ಯಾಸ ಆಗ್ಬೇಕು ಅಮ್ಮಾ" ಎಂದೆ. ಹಲ್ಲು ಕಟ್ಟುವವರೆಲ್ಲ ಮೊದಲು ಕಲಿಯುವ ಮಾತು ಅದು.

ಎರಡು ವಾರ ಬಿಟ್ಟು ಬಂದರು. ಕೆಳಗಿನ ಒಸಡು ಕೆಂಪಾಗಿತ್ತು. ಒತ್ತುವ ಕಡೆ ಅರದಿಂದ ಉಜ್ಜಿದೆ. ಮತ್ತೆ ಬಂದರು.

"ಕಚ್ಚಿದ್ರೆ ಕೆಳಗಿನ ತುಟಿಗೆ ಇರುವೆ ಹರಿದಂಗೆ ಆಗ್ತದೆ ಡಾಕ್ಟ್ರೇ. ಗದ್ದದವರೆಗೂ ಜುಮ್ ಅಂತದೆ."

ಒಸಡಿನ ನೋವು ತುಟಿಗೆ ಯಾಕೆ ಹೋಗಬೇಕು? ಆಕೆಯ ಮುಂದೆಯೇ ಯಜಮಾನರಿಗೆ ಹೇಳಿದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಕಿಕೊಳ್ಳೋಕೆ ಮನಸ್ಸಿಲ್ಲದಿದ್ರೆ ಹೀಗೆಲ್ಲ ಆಗ್ತದೆ." ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಕೆ ಹಲ್ಲನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು, ನಿಟ್ಟೂರಿನ ಬಸ್ಸಿಗೆ ನಡೆದರು.

ಫಾಲ್ಗುಣದಲ್ಲಿ ಮೂರನೆಯ ಸಲ ಬಂದಾಗ ಕೆಳಗಿನ ಸಾಲನ್ನು ನನ್ನ ಮೇಜಿನ ಮೇಲಿಟ್ಟರು.

"ಹಠ ಅಲ್ಲ ಡಾಕ್ಟ್ರೇ. ಒಂದು ಸಾಲು ಹೇಳೋದ್ರೊಳಗೆ ಕಣ್ಣಲ್ಲಿ ನೀರು ಬರ್ತದೆ. ಹುಡ್ಗೀರು ಹೆದರ್ತಾವೆ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ."

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಆಗುವುದಿಲ್ಲ ಎಂದು ಹೇಳಿ ಮುಗಿಸಿಬಿಡೋಣ ಎಂದು ಬಾಯಿಯವರೆಗೆ ಬಂದಿತ್ತು. ಆದರೆ ಆಕೆಯ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. "ಒಂದು ಎಕ್ಸ್‌ರೇ ತೆಗೆಸೋಣ. ಕಾರ್ಗಲ್‌ಗೆ ಬರ್ತೀರಾ?" ಎಂದೆ.

ಕಾರ್ಗಲ್ಲಿನ ಅಣೆಕಟ್ಟು ಕಾಲೊನಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರೊಬ್ಬರು ನನಗೆ ಪರಿಚಯ. ಅವರ ಬುದ್ಧಿಹಲ್ಲು ಕಿತ್ತವನು ನಾನೇ, ಆದರೂ ಮಾತಾಡಿಸುತ್ತಿದ್ದರು. ಗಂಡಹೆಂಡತಿ ಹಿಂದಿನ ದಿನವೇ ಹೊರಟು ಸಾಗರದಲ್ಲಿ ನಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ನನ್ನ ಜೊತೆ ಬಸ್ಸು ಹತ್ತಿದರು. ಇಷ್ಟು ದೂರ ಬಂದಿದ್ದೀರಿ, ಅಣೆಕಟ್ಟು ನೋಡಿ ಹೋಗಿ ಎಂದು ಯಾರೋ ಹೇಳಿದರು.

"ನಮ್ಮನೆ ಮೇಲೆ ನಿಂತಿರೋ ನೀರು, ಅದ್ರಲ್ಲಿ ಎಂತ ನೋಡೋದು" ಎಂದು ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತರು.

ಆಕೆಯ ದವಡೆಯ ಎಕ್ಸ್‌ರೇ ಪಕ್ಕದಿಂದ ತೆಗೆದಾದ ಮೇಲೆ ಯಜಮಾನರು, "ನಂದೂ ಒಂದು ತೆಗೀರಿ, ಬಂದದ್ದಾಯ್ತಲ್ಲ" ಎಂದು ಕೂತರು. ಕೊಸರಿಗೆ ಕೇಳುವ ಹಾಗೆ ಕೇಳಿದರು. ಅವರ ಆ ಆಸೆಯೇ ನನ್ನ ಕಣ್ಣು ತೆರೆಸಿತು. ಆಗಷ್ಟೇ ತೊಳೆದು ತೊಟ್ಟಿಕ್ಕುತ್ತಿದ್ದ ಎರಡೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದೆ.

ಗಂಡನ ದವಡೆ ಎರಡು ಬೆರಳು ದಪ್ಪಕ್ಕೆ ನಿಂತಿತ್ತು. ಕಿವಿಯ ಕೆಳಗಿನ ಮೂಲೆ ಹೊರಕ್ಕೆ ಚಾಚಿತ್ತು, ಗದ್ದ ಚೌಕ. ಹೆಂಡತಿಯದು ನನ್ನ ಕಿರುಬೆರಳಿನಷ್ಟು ದಪ್ಪ. ಮೂಲೆ ಬಿಚ್ಚಿಕೊಂಡು ಇಳಿಜಾರಾಗಿತ್ತು. ನರ ಹೊರಗೆ ಬರುವ ತೂತು ಮೂಳೆಯ ನೆತ್ತಿಯ ಮೇಲೆ ಕಪ್ಪು ಚುಕ್ಕೆಯಾಗಿ ಕೂತಿತ್ತು.

ಓದುವಾಗ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕೂಸಿನ ದವಡೆಯ ಮೂಲೆ ಅಗಲವಾಗಿ ತೆರೆದಿರುತ್ತದೆ. ಹಲ್ಲು ಬಂದು ಅಗಿಯತೊಡಗಿದಂತೆ ಅದು ಮಡಚಿಕೊಂಡು ನೆಟ್ಟಗಾಗುತ್ತದೆ, ಗಂಡಸಿನಲ್ಲಿ ಉಬ್ಬಿ ಒರಟಾಗುತ್ತದೆ, ಹೆಂಗಸಿನಲ್ಲಿ ಸಪೂರವಾಗಿ ನಿಲ್ಲುತ್ತದೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ದಿಂಡಿಗೆ ಕೆಲಸವಿಲ್ಲ, ವರ್ಷ ವರ್ಷವೂ ಕರಗುತ್ತದೆ. ಮೂಲೆ ಮತ್ತೆ ಕೂಸಿನದರಂತೆ ತೆರೆದುಕೊಳ್ಳುತ್ತದೆ. ತುಟಿಗೂ ಗದ್ದಕ್ಕೂ ಹೋಗುವ ನರದ ತೂತು ಕೂಸಿನಲ್ಲಿ ಮೂಳೆಯ ಕೆಳ ಅಂಚಿಗೆ, ಪ್ರಾಯದಲ್ಲಿ ನಡುವೆ. ಮೇಲಿನ ಮೂಳೆ ಕರಗಿದ ಮುಪ್ಪಿನಲ್ಲಿ ಅದು ನೆತ್ತಿಗೆ ಬಂದುಬಿಡುತ್ತದೆ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಎದುರಿಗೆ ಕೂತ ಹೆಂಗಸು ಇರುವೆ ಹರಿದಂತಾಗುತ್ತದೆ ಎಂದಾಗ ನನಗೆ ಒಂದಕ್ಷರವೂ ನೆನಪಾಗಲಿಲ್ಲ. ಒಂದೂವರೆ ತಿಂಗಳು ಆಕೆಯ ನರದ ಮೇಲೆಯೇ ಹಲ್ಲು ಕೂರಿಸಿ, ಕಚ್ಚಿ ಕಚ್ಚಿ ಎಂದು ಹೇಳಿದ್ದೆ.

"ಹಲ್ಲು ಯಾವಾಗ ಹೋದವು ಅಮ್ಮಾ?" ಮೊದಲ ದಿನವೇ ಕೇಳಬೇಕಾದ ಪ್ರಶ್ನೆ.

"ಹೆರಿಗೆಗೊಂದು ಹಲ್ಲು ಅಂತಾರಲ್ಲ, ನಂಗೆ ಎಂಟು ಹೆರಿಗೆ. ಒಂದೊಂದಕ್ಕೂ ಎರಡೆರಡು ಹೋದ್ವು. ಉಳ್ದವು ಅಲ್ಲಾಡಿ ಅಲ್ಲಾಡಿ ತಾವೇ ಬಿದ್ವು. ಕಿರಿಮಗ ಅಂಬೆಗಾಲಿಡುವಾಗ ಬಾಯಿ ಬೋಳು."

ಅಂದರೆ ಮೂವತ್ತರ ಆಚೀಚೆ. ಗಂಡನಿಗೆ ಹಲ್ಲು ಹೋಗಿ ಎರಡು ವರ್ಷವಾಗಿತ್ತು, ಹೆಂಡತಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರಾದರೂ ದವಡೆ ಆಕೆಯದ್ದೇ ಮುದಿ.

"ತಪ್ಪು ನಂದು ಅಮ್ಮಾ, ನೀವು ಹೇಳಿದ್ದು ನಿಜ" ಎಂದೆ. ಆಕೆ ಫಿಲ್ಮನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇ ಉಳ್ದದಾ ನಂದು?" ಎಂದರು.

ಕಾರಣ ಸಿಕ್ಕಿದರೆ ಕೆಲಸ ಮುಗಿಯಿತು ಎನ್ನುವುದು ಪುಸ್ತಕದ ಮಾತು. ನರವಿದ್ದ ಕಡೆ ಕೆಳಗಿನ ತಟ್ಟೆಯನ್ನು ಬಗೆದು ಹಳ್ಳ ಮಾಡಿದೆ. ನೋವು ಹೋಯಿತು, ಆದರೆ ಹಿಡಿತವೂ ಹೋಯಿತು. ದಿಂಡಿಲ್ಲದ ಮೂಳೆಯ ಮೇಲೆ ಅದು ಕೆರೆಯಲ್ಲಿ ತೇಲುವ ಎಲೆಯಂತಾಯಿತು. ನಾಲಿಗೆ ಆಡಿಸಿದರೆ ಜಾರಿ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಭಾರ ಹೆಚ್ಚಿಸಿ ನೋಡಿದೆ, ಅಂಚು ತಗ್ಗಿಸಿ ನೋಡಿದೆ. ಚೈತ್ರ ಅರ್ಧ ಕಳೆಯಿತು. ತೀರ್ಥಹಳ್ಳಿಯಲ್ಲಿ ಹಲ್ಲು ಕೀಳಿಸಲು ಕಾದಿದ್ದವರು ಬೇರೆ ಕಡೆ ಹೋಗತೊಡಗಿದರು. ನನಗೋ ಊಟ ಮಾಡುವಾಗಲೂ ಎದುರು ಕೂತವರ ಗದ್ದವೇ ಕಾಣುತ್ತಿತ್ತು. ಸಾಕಪ್ಪಾ ಸಾಕು, ಮುಂದಿನ ಮಂಗಳವಾರ ಕೈ ಮುಗಿದುಬಿಡುತ್ತೇನೆ ಎಂದು ತೀರ್ಮಾನಿಸಿದೆ.

ಆ ಭಾನುವಾರ ಪೆಟ್ಟಿಗೆ ಚೊಕ್ಕ ಮಾಡುತ್ತಿದ್ದಾಗ ಮೂಲೆಯಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಯಜಮಾನರ ಸೆಟ್ಟಿನಿಂದ ಎಬ್ಬಿಸಿದ್ದ ಜೇನುಮೇಣ. ಅದರ ಒಂದು ಮೈಯಲ್ಲಿ ಅಮ್ಮನ ಅಂಗುಳು ಗೆರೆ ಗೆರೆಯಾಗಿ ಮೂಡಿತ್ತು. ನನಗಿಂತ ಮೊದಲೇ ಆಕೆ ತನ್ನ ಅಳತೆ ತಾನೇ ತೆಗೆದುಕೊಂಡಿದ್ದರು, ಅದೂ ಮೇಲಿನದಕ್ಕೆ ಮಾತ್ರ. ಕೆಳಗಿನ ಸಾಲಿಗೆ ಮೇಣ ಹಚ್ಚಿರಲೇ ಇಲ್ಲ. ಆಕೆ ಅದನ್ನು ಬಾಯಿಗೆ ಹಾಕಿಯೇ ಇರಲಿಲ್ಲ.

ನಾನು ಒಬ್ಬನೇ ಕೂತು ತ, ದ, ನ, ಸ ಎಂದು ಹೇಳಿಕೊಂಡೆ. ನಾಲಿಗೆ ಪ್ರತಿ ಸಲವೂ ಹೋಗಿ ಮುಟ್ಟಿದ್ದು, ಗಾಳಿ ತಾಗಿದ್ದು ಮೇಲಿನ ಹಲ್ಲಿನ ಹಿಂದೆ. ವ ಅಂದರೆ ಕೆಳತುಟಿ ಹೋಗಿ ತಾಗುವುದೂ ಅದೇ ಮೇಲಿನ ಹಲ್ಲಿಗೆ. ಕೆಳಗಿನ ಸಾಲು ಬೇಕಾದದ್ದು ಅಗಿಯುವುದಕ್ಕೆ. ಅಗಿಯುವ ಮಾತು ಆಡಿದವನು ನಾನು. ಆಕೆ ಆಡಿದ್ದು ಹಾಡಿನ ಮಾತು. ಹಲ್ಲು ಕಟ್ಟುವವನಿಗೆ ಒಂದೇ ಸಾಲು ಕೊಟ್ಟು ಕಳಿಸುವುದೆಂದರೆ ಅರ್ಧ ಗೋಡೆ ಕಟ್ಟಿ ಮನೆ ಎಂದಂತೆ, ನಾಲ್ಕು ಜನ ನಗುತ್ತಾರೆ. ನಗಲಿ ಎಂದು ಕೆಳಗಿನದನ್ನು ಬಿಟ್ಟೆ.

ಮೇಲಿನದನ್ನೂ ಹೊಸದಾಗಿ ಕಟ್ಟಬೇಕಿತ್ತು. ಹಳೆಯದರಲ್ಲಿ ಮುಂದಿನ ಹಲ್ಲುಗಳನ್ನು ಮುಖದ ಅಂದಕ್ಕೆ, ಕೆಳಗಿನ ಸಾಲಿಗೆ ಹೊಂದುವಂತೆ ಕೂರಿಸಿದ್ದೆ. ಈಗ ಅವು ಅಕ್ಷರಕ್ಕೆ ಹೊಂದಬೇಕು. ಮೇಣದ ತಟ್ಟೆಯಲ್ಲಿ ಹಲ್ಲು ನೆಟ್ಟು, ಹೊಸನಗರದ ಕೋಣೆಯಲ್ಲಿ ಆಕೆಯ ಬಾಯಿಗಿಟ್ಟು, "ಹಾಡು ಹೇಳಿ ಅಮ್ಮಾ" ಎಂದೆ.

"ಇಲ್ಲೇನಾ? ಹಸೆ ಇಲ್ದೆ ಹಸೆ ಹಾಡು ಹೇಳ್ಬಾರ್ದು."

"ಬರೀ ಹಲ್ಲು ನೋಡೋದಕ್ಕೆ."

"ಯಾತಕ್ಕಾದ್ರೂ ಅಷ್ಟೇ. ಮದ್ವೆ ಹಾಡು ಬೀದೀಲಿ ಹೇಳಿದ್ರೆ ಮದ್ವೆ ಬೀದಿಗೆ ಬರ್ತದೆ ಅಂತಾರೆ ನಮ್ಮಲ್ಲಿ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಕೆ ಸುತ್ತಲೂ ನೋಡಿದರು. ಮೇಜಿನ ಮೇಲೆ ಪ್ಲಾಸ್ಟರ್ ಪುಡಿಯ ಡಬ್ಬಿ ತೆರೆದಿತ್ತು. "ಹಸೆ ಬರೆಯೋ ಅಕ್ಕಿಹಿಟ್ಟಿನಂಗೆ ಇದೂ ಬಿಳೀದೇ ಅಲ್ವಾ?" ಎಂದು ಒಂದು ಮುಷ್ಟಿ ತೆಗೆದುಕೊಂಡು, ಕಿಟಕಿಯ ಕೆಳಗೆ ನೆಲ ಒರೆಸಿ, ಎರಡು ಬೆರಳಿನಲ್ಲಿ ಗೆರೆ ಎಳೆಯತೊಡಗಿದರು. ಚೌಕದೊಳಗೆ ಚೌಕ, ನಡುವೆ ಗಂಡುಹೆಣ್ಣಿನ ಎರಡು ಗೊಂಬೆ. ಯಜಮಾನರು ಹೋಟೆಲಿನವರಿಂದ ಒಂದು ದೀಪ ಇಸಿದು ತಂದು ಹಚ್ಚಿದರು.

ಆಕೆ ಅದರ ಮುಂದೆ ಕೂತು ಹಾಡಿದರು. ನಾನು ಪಕ್ಕದಲ್ಲಿ ಮಂಡಿಯೂರಿದೆ. 'ಸ' ಸೀಟಿಯಂತೆ ಬಂದರೆ ನಿಲ್ಲಿಸಿ, ಬಿಸಿ ಚಾಕುವಿನಿಂದ ಮೇಣ ಮೆದು ಮಾಡಿ ಹಲ್ಲನ್ನು ಕೂದಲೆಳೆಯಷ್ಟು ಹಿಂದಕ್ಕೆ ದೂಡಿದೆ. 'ತ' ಮಂಕಾದರೆ ತಟ್ಟೆಯ ದಪ್ಪ ಕೆರೆದೆ. ಮತ್ತೆ ಬಾಯಿಗೆ, ಮತ್ತೆ ಅದೇ ಸಾಲು. ಹದಿನೈದು ಸಲವೋ ಇಪ್ಪತ್ತು ಸಲವೋ, ಎಣಿಸಲಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಬಾಗಿಲಿಗೆ ಬಂದು ನಿಂತಿದ್ದರು. ಕೊನೆಗೆ ಒಂದು ಸಾಲು ಅಕ್ಷರ ಅಕ್ಷರವಾಗಿ ಬಿಡಿಬಿಡಿಯಾಗಿ ಬಂತು. ಆಕೆಯೇ ನಿಲ್ಲಿಸಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

ಮದುವೆಗೆ ಎರಡು ವಾರವಿರುವಾಗ ಮೇಲಿನ ಸಾಲು ಕೊಟ್ಟೆ. ಕರೆಯಲು ಗಂಡಹೆಂಡತಿ ಇಬ್ಬರೂ ಬಂದಿದ್ದರಿಂದ ಹೋಗದೆ ವಿಧಿಯಿರಲಿಲ್ಲ. ಪೆಟ್ಟಿಗೆ ಇಲ್ಲದೆ ಬಸ್ಸು ಹತ್ತಿದ್ದು ಎಷ್ಟೋ ತಿಂಗಳ ಮೇಲೆ. ನಿಟ್ಟೂರಿನಲ್ಲಿಳಿದು ಚಪ್ಪರದ ಕಂಬಕ್ಕೆ ಒರಗಿ ಕೂತವನಿಗೆ ಒಂದು ಕ್ಷಣ ಕಣ್ಣು ಹತ್ತಿತು. ಎಚ್ಚರಾದದ್ದು ಆಕೆಯ ದನಿಗೆ. ಕೆಮ್ಮಣ್ಣು ಬಳಿದು ಹಸೆ ಬರೆದ ಗೋಡೆಯ ಮುಂದೆ ಆಕೆ ಒಂದು ಸಾಲು ಹೇಳಿದರೆ ಸುತ್ತ ಕೂತ ಏಳೆಂಟು ಹುಡುಗಿಯರು ಅದನ್ನೇ ಎತ್ತಿ ಹೇಳುತ್ತಿದ್ದರು. ಕೋಣಂದೂರಿನ ಕಡೆಯಿಂದ ಬಂದ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾತ್ರ 'ಸ' ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಆಕೆ ಹಲ್ಲು ತೆಗೆದು ಸೆರಗಿನ ಗಂಟಿಗೆ ಕಟ್ಟಿಕೊಂಡು ಕೂತರು. ಎದುರಿನವರೊಬ್ಬರು ಬಿಡಲಿಲ್ಲ.

"ಡಾಕ್ಟ್ರು ಕಟ್ಟಿದ ಹಲ್ಲು ಊಟಕ್ಕೆ ಬರಲ್ವಾ ದೊಡ್ಡಮ್ಮಾ? ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅನ್ನಂಗಾಯ್ತಲ್ಲ!"

"ಅನ್ನ ಒಸಡಲ್ಲೇ ಹೋಗ್ತದೆ ಕಣೋ" ಎಂದರು ಆಕೆ, ಗಾಳಿಯ ಮಾತಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಎಷ್ಟು ದಿನ ಬರ್ತದೆ ಡಾಕ್ಟ್ರೇ?"

ಸುಳ್ಳು ಹೇಳುವುದು ಸುಲಭವಿತ್ತು, ಮದುವೆಮನೆ ಬೇರೆ. ಆದರೆ ಈ ಅಮ್ಮನಿಗೆ ಸುಮ್ಮಸುಮ್ಮನೆ ಹೇಳಿದ ಮಾತುಗಳು ನನ್ನ ಲೆಕ್ಕದಲ್ಲಿ ಆಗಲೇ ಹೆಚ್ಚಾಗಿದ್ದವು.

"ಎರಡು ವರ್ಷ ಗಟ್ಟಿ ಕೂರಬಹುದು ಅಮ್ಮಾ. ಮೂಳೆ ಕರಗೋದು ನಿಲ್ಲಲ್ಲ, ಮೇಲಿಂದೂ ಕರಗ್ತದೆ. ಆಮೇಲೆ ಮತ್ತೆ ಕಟ್ಟಬೇಕು. ಒಂದು ದಿನ ಅದೂ ಆಗಲಿಕ್ಕಿಲ್ಲ."

ಆಕೆ ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದರು. ಹೇಳಬಾರದಿತ್ತೇನೋ ಎಂದುಕೊಂಡೆ. ಪಾಯಸ ಬಡಿಸುವವರು ಬಂದರು. ಆಕೆ ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದರು. ಎಡಗೈಯಲ್ಲಿ ಸೆರಗಿನ ಗಂಟು ಬಿಚ್ಚಿ, ಲೋಟದ ನೀರಿನಲ್ಲಿ ಹಲ್ಲು ಅದ್ದಿ, ಬಾಯಿಗಿಟ್ಟು, ಹೆಬ್ಬೆರಳಿನಿಂದ ಒತ್ತಿದರು. ಟಪ್ಪೆಂದು ಅಂಟಿದ ಸದ್ದು ನನಗೆ ಕೇಳಿಸಿತು.

"ಏಳ್ರೇ ಹುಡ್ಗೀರಾ" ಎಂದರು, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. "ಕೈ ತೊಳ್ಕೊಂಡು ಬನ್ನಿ. ಹಸೆ ಇನ್ನೂ ಗೋಡೆ ಮೇಲದೆ, ಮೊದ್ಲಿಂದ ಇನ್ನೊಂದ್ಸಲ ಹೇಳಾಣ."